ಕೊಬ್ಬು ಕರಗಬೇಕು, ಸ್ನಾಯು ಉಳಿಯಬೇಕು: ಕಾರ್ಡಿಯೋ ಮತ್ತು ವೇಟ್ ಟ್ರೈನಿಂಗ್ ಜೋಡಿಸುವ ಸಮಗ್ರ ಮಾರ್ಗದರ್ಶಿ

ತೂಕ ಇಳಿಸಲು ಹೊರಟವರಲ್ಲಿ ಹೆಚ್ಚಿನವರು ಮೊದಲು ಹಿಡಿಯುವುದು ಓಟ ಅಥವಾ ಟ್ರೆಡ್‌ಮಿಲ್. ಕೆಲವು ವಾರ ತೂಕ ಇಳಿಯುತ್ತದೆ, ಆಮೇಲೆ ನಿಂತುಬಿಡುತ್ತದೆ. ಮೈ ಸಣ್ಣಗಾಗಿರುತ್ತದೆ, ಆದರೆ ಗಟ್ಟಿಯಾಗಿರುವುದಿಲ್ಲ. ವೇಟ್ ಎತ್ತುವವರಲ್ಲಿ ಬೇರೆಯೇ ಭಯ. ಕಾರ್ಡಿಯೋ (ಓಟ, ನಡಿಗೆ, ಸೈಕಲ್‌ನಂಥ ಉಸಿರು ಏರಿಸುವ ವ್ಯಾಯಾಮ) ಮಾಡಿದರೆ ಕಷ್ಟಪಟ್ಟು ಬೆಳೆಸಿದ ಸ್ನಾಯು ಕರಗಿಹೋಗುತ್ತದೆ ಅಂತ ಅದರ ಹತ್ತಿರವೂ ಹೋಗುವುದಿಲ್ಲ. ಇಬ್ಬರಿಗೂ ಅರ್ಧ ಲಾಭ ಮಾತ್ರ ಸಿಗುತ್ತದೆ.

ನನ್ನ ನಿಲುವು ಇಷ್ಟು. ವಾರದ ಪಟ್ಟಿಯಲ್ಲಿ ವೇಟ್ ಟ್ರೈನಿಂಗ್‌ಗೆ ಮೊದಲು ಜಾಗ ಕೊಡಿ. ಉಳಿದ ಜಾಗದಲ್ಲಿ ಕಾರ್ಡಿಯೋ ಕೂರಿಸಿ. ಕಾರ್ಡಿಯೋ ಜಾಸ್ತಿ ಆಯಿತೋ ಕಡಿಮೆ ಆಯಿತೋ ಅನ್ನುವುದನ್ನು ನೀವು ಎತ್ತುವ ಭಾರದ ಲೆಕ್ಕವೇ ಹೇಳಲಿ. ಇದನ್ನು ಮಾಡುವುದು ಹೇಗೆ ಅಂತ ಒಂದೊಂದಾಗಿ ನೋಡೋಣ.

ಮೊದಲು, ಯಾವುದರ ಕೆಲಸ ಏನು

ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಶಕ್ತಿ ಇರುತ್ತದೆ. 70 ಕಿಲೋ ತೂಕದವರು ಒಂದು ಗಂಟೆ ಚುರುಕಾಗಿ ನಡೆದರೆ ಖರ್ಚಾಗುವುದು ಹೆಚ್ಚು ಕಡಿಮೆ 240 ಕ್ಯಾಲೊರಿ. ಅಂದರೆ ಊಟ ಬದಲಿಸದೆ ಬರೀ ನಡಿಗೆಯಿಂದ ಒಂದು ಕಿಲೋ ಕೊಬ್ಬು ಇಳಿಸಲು 30 ಗಂಟೆಗೂ ಜಾಸ್ತಿ ನಡೆಯಬೇಕು. ಹಾಗಾಗಿ ಕೊಬ್ಬು ಇಳಿಯಲು ಬೇಕಾದ ಕ್ಯಾಲೊರಿ ಕೊರತೆಯ (ಖರ್ಚಿಗಿಂತ ಕಡಿಮೆ ತಿನ್ನುವುದು) ದೊಡ್ಡ ಪಾಲು ತಟ್ಟೆಯಿಂದಲೇ ಬರಬೇಕು. ವ್ಯಾಯಾಮ ಅದಕ್ಕೆ ಕೈ ಜೋಡಿಸುತ್ತದೆ.

ಹಾಗಾದರೆ ವೇಟ್ ಯಾಕೆ? ಊಟ ಕಡಿಮೆ ಆದಾಗ ದೇಹ ಕೊಬ್ಬನ್ನು ಮಾತ್ರ ಸುಡುವುದಿಲ್ಲ, ಸ್ನಾಯುವನ್ನೂ ಸ್ವಲ್ಪ ಬಿಟ್ಟುಕೊಡುತ್ತದೆ. ವಾರಕ್ಕೆ ಎರಡು ಮೂರು ಸಲ ಭಾರ ಎತ್ತಿದರೆ ‘ಈ ಸ್ನಾಯು ಬಳಕೆಯಲ್ಲಿದೆ’ ಎಂಬ ಸೂಚನೆ ದೇಹಕ್ಕೆ ಸಿಗುತ್ತದೆ. ಸ್ನಾಯು ಉಳಿಯುತ್ತದೆ. ಹೊಸಬರಿಗಾದರೆ ಬೆಳೆಯಲೂ ಬಹುದು. ಕಾರ್ಡಿಯೋ ಮಾಡುವ ಕೆಲಸ ಬೇರೆ: ಹೃದಯ ಮತ್ತು ಶ್ವಾಸಕೋಶಕ್ಕೆ ಬಲ ಕೊಡುತ್ತದೆ, ಖರ್ಚಾಗುವ ಕ್ಯಾಲೊರಿ ಹೆಚ್ಚಿಸುತ್ತದೆ, ಸೆಟ್‌ಗಳ (ಬಿಡುವಿಲ್ಲದೆ ಕೆಲವು ಸಲ ಎತ್ತಿ ನಿಲ್ಲಿಸುವ ಒಂದೊಂದು ಸುತ್ತು) ನಡುವೆ ಬೇಗ ಸುಧಾರಿಸಿಕೊಳ್ಳಲು ನೆರವಾಗುತ್ತದೆ.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಸುಮಾರು 8 ತಿಂಗಳು ನಡೆಸಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಕಾರ್ಡಿಯೋ ಗುಂಪಿನವರ ಕೊಬ್ಬು ಇಳಿಯಿತು. ವೇಟ್ ಗುಂಪಿನವರ ಸ್ನಾಯು ಹೆಚ್ಚಿತು, ಆದರೆ ಕೊಬ್ಬು ಅಷ್ಟಾಗಿ ಇಳಿಯಲಿಲ್ಲ. ಎರಡೂ ಮಾಡಿದವರಿಗೆ ಎರಡೂ ಲಾಭ ಸಿಕ್ಕಿತು. ಅವರು ಹೆಚ್ಚು ಸಮಯ ಕೊಟ್ಟರು ಅನ್ನುವುದೂ ನಿಜ. ಆದರೆ ಒಂದರ ಕೆಲಸವನ್ನು ಇನ್ನೊಂದು ಪೂರ್ತಿ ಮಾಡಲಾರದು ಅನ್ನುವುದು ಇದರಿಂದ ಸ್ಪಷ್ಟ.

ಸ್ನಾಯು ಜಾಸ್ತಿಯಾದರೆ ಕೂತಲ್ಲೇ ಸಿಕ್ಕಾಪಟ್ಟೆ ಕೊಬ್ಬು ಸುಡುತ್ತದೆ ಅನ್ನುವ ಮಾತನ್ನು ಮಾತ್ರ ನಂಬಬೇಡಿ. ಒಂದು ಕಿಲೋ ಸ್ನಾಯು ವಿಶ್ರಾಂತಿಯಲ್ಲಿ ದಿನಕ್ಕೆ ಸುಡುವುದು ಸುಮಾರು 13 ಕ್ಯಾಲೊರಿ. ಸ್ನಾಯು ಬೇಕಾಗಿರುವುದು ಬಲಕ್ಕೆ, ಮೂಳೆ ಮತ್ತು ಕೀಲುಗಳ ರಕ್ಷಣೆಗೆ, ಸಕ್ಕರೆ ಹತೋಟಿಗೆ, ವಯಸ್ಸಾದಾಗ ಯಾರ ಆಸರೆಯೂ ಇಲ್ಲದೆ ಎದ್ದು ಓಡಾಡುವುದಕ್ಕೆ.

ಕಾರ್ಡಿಯೋ ಸ್ನಾಯುವನ್ನು ತಿನ್ನುತ್ತದೆಯೇ?

ಈ ಭಯಕ್ಕೆ ಒಂದು ಮೂಲ ಇದೆ. 1980ರಲ್ಲಿ ರಾಬರ್ಟ್ ಹಿಕ್ಸನ್ ಎಂಬ ಅಮೆರಿಕದ ವಿಜ್ಞಾನಿ 10 ವಾರದ ಪ್ರಯೋಗ ಮಾಡಿದರು. ಒಂದು ಗುಂಪು ವಾರಕ್ಕೆ 5 ದಿನ ವೇಟ್ ಮಾಡಿತು. ಇನ್ನೊಂದು ವಾರಕ್ಕೆ 6 ದಿನ ಜೋರು ಕಾರ್ಡಿಯೋ ಮಾಡಿತು. ಮೂರನೆಯ ಗುಂಪು ಎರಡನ್ನೂ ಪೂರ್ತಿಯಾಗಿ ಮಾಡಿತು. ಮೂರನೆಯವರ ಬಲ ಮೊದಲ ವಾರಗಳಲ್ಲಿ ಚೆನ್ನಾಗಿಯೇ ಏರಿತು. ಆಮೇಲೆ ನಿಂತು, ಕೊನೆಗೆ ಇಳಿಯಿತು.

ಆದರೆ ಆ ಪ್ರಮಾಣ ನೋಡಿ. ವಾರಕ್ಕೆ 11 ಸಲ, ಎಲ್ಲವೂ ಜೋರು, ಎಲ್ಲವೂ ಕಾಲಿನ ಮೇಲೆ. ಸಾಮಾನ್ಯವಾಗಿ ಯಾರೂ ಅಷ್ಟು ಮಾಡುವುದಿಲ್ಲ. 2022ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ, ಕಾರ್ಡಿಯೋ ಸೇರಿಸಿದ್ದರಿಂದ ಸ್ನಾಯು ಬೆಳವಣಿಗೆಗಾಗಲಿ ಗರಿಷ್ಠ ಬಲಕ್ಕಾಗಲಿ ಹೇಳಿಕೊಳ್ಳುವಂಥ ಹಾನಿ ಕಾಣಲಿಲ್ಲ. ಜಿಗಿತದಂಥ ಸ್ಫೋಟಕ ಬಲಕ್ಕೆ ಮಾತ್ರ ಸ್ವಲ್ಪ ಹೊಡೆತ ಬಿತ್ತು, ಅದೂ ಎರಡನ್ನೂ ಒಂದೇ ಹೊತ್ತಿನಲ್ಲಿ ಮಾಡಿದಾಗ. ಹೀಗಾಗಿ ಭಯ ಬೇಡ, ಲೆಕ್ಕ ಬೇಕು. ಸ್ನಾಯುವಿಗೆ ಪೆಟ್ಟು ಬೀಳುವುದು ಹೆಚ್ಚಾಗಿ ನಾಲ್ಕು ಕಾರಣಗಳಿಂದ: ಅತಿಯಾದ ಜೋರು ಕಾರ್ಡಿಯೋ, ದಣಿದ ಕಾಲಿಗೆ ಮತ್ತೆ ಕೆಲಸ, ತೀರಾ ಕಡಿಮೆ ಊಟ, ಕಡಿಮೆ ನಿದ್ದೆ.

ಹಂತ 1: ಎಲ್ಲಿದ್ದೀರಿ ಅಂತ ಬರೆದಿಡಿ

ಬೆಳಗ್ಗೆ ಎದ್ದು ಶೌಚ ಮುಗಿಸಿ, ಏನೂ ತಿನ್ನುವ ಮುನ್ನ ತೂಕ ನೋಡಿ. ಒಂದು ವಾರ ಹೀಗೆ ನೋಡಿ ಸರಾಸರಿ ತೆಗೆಯಿರಿ. ಹೊಕ್ಕುಳಿನ ಮಟ್ಟದಲ್ಲಿ ಹೊಟ್ಟೆಯ ಸುತ್ತಳತೆ ಅಳೆಯಿರಿ. ಅಳೆಯುವಾಗ ಹೊಟ್ಟೆ ಒಳಗೆ ಎಳೆಯಬೇಡಿ. ಒಂದು ಫೋಟೋ ತೆಗೆದಿಡಿ. ಚುರುಕಾಗಿ 2 ಕಿಲೋಮೀಟರ್ ನಡೆಯಲು ಎಷ್ಟು ನಿಮಿಷ ಬೇಕು ಅನ್ನುವುದನ್ನೂ ಬರೆದುಕೊಳ್ಳಿ.

ಎದೆನೋವು, ತಲೆಸುತ್ತು, ಹತೋಟಿಯಲ್ಲಿಲ್ಲದ ಬಿಪಿ ಇದ್ದವರು, ಹೃದಯದ ತೊಂದರೆ ಇದ್ದವರು, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು, ಗರ್ಭಿಣಿಯರು ಮೊದಲು ವೈದ್ಯರನ್ನು ಕೇಳಿಯೇ ಶುರು ಮಾಡಬೇಕು. ಇದನ್ನು ಸುಮ್ನೆ ಶಾಸ್ತ್ರಕ್ಕೆ ಹೇಳುತ್ತಿಲ್ಲ. ವ್ಯಾಯಾಮದಿಂದ ಇವರಿಗೂ ಬಹಳ ಲಾಭ ಇದೆ, ಆದರೆ ಪ್ರಮಾಣವನ್ನು ಅವರವರಿಗೆ ತಕ್ಕಂತೆ ನಿರ್ಧರಿಸಬೇಕು.

ಹಂತ 2: ವೇಟ್ ದಿನಗಳನ್ನು ಮೊದಲು ಗುರುತು ಮಾಡಿ

ಹೊಸಬರಿಗೂ, ಮಧ್ಯೆ ಬಿಟ್ಟು ಮತ್ತೆ ಶುರು ಮಾಡುವವರಿಗೂ ವಾರಕ್ಕೆ 3 ದಿನ ಸಾಕು. ಮೂರೂ ದಿನ ಇಡೀ ದೇಹಕ್ಕೆ ಕೆಲಸ ಕೊಡಿ. ಒಂದು ದಿನ ಬರೀ ಎದೆ, ಇನ್ನೊಂದು ದಿನ ಬರೀ ತೋಳು ಅಂತ ಹಂಚುವುದು ಈ ಹಂತದಲ್ಲಿ ಬೇಡ. ಒಂದು ದಿನ ತಪ್ಪಿದರೆ ಆ ಭಾಗಕ್ಕೆ ಆ ವಾರ ಕೆಲಸವೇ ಇಲ್ಲದಂತಾಗುತ್ತದೆ.

ಪ್ರತಿ ದಿನ ಐದು ಬಗೆಯ ಚಲನೆ ಇರಲಿ:

- ಕೂತು ಏಳುವುದು: ಸ್ಕ್ವಾಟ್ ಅಥವಾ ಲೆಗ್ ಪ್ರೆಸ್
- ಸೊಂಟದಿಂದ ಬಾಗಿ ಎತ್ತುವುದು: ಡೆಡ್‌ಲಿಫ್ಟ್ ಅಥವಾ ರೊಮೇನಿಯನ್ ಡೆಡ್‌ಲಿಫ್ಟ್
- ತಳ್ಳುವುದು: ಪುಶ್‌ಅಪ್, ಬೆಂಚ್ ಪ್ರೆಸ್ ಅಥವಾ ಶೋಲ್ಡರ್ ಪ್ರೆಸ್
- ಎಳೆಯುವುದು: ಡಂಬೆಲ್ ರೋ, ಲ್ಯಾಟ್ ಪುಲ್‌ಡೌನ್ ಅಥವಾ ಪುಲ್‌ಅಪ್
- ಭಾರ ಹಿಡಿದು ನಡೆಯುವುದು ಅಥವಾ ಪ್ಲ್ಯಾಂಕ್ (ಮೊಣಕೈ ಊರಿ ಮೈಯನ್ನು ನೇರವಾಗಿ ಹಿಡಿದಿಡುವುದು)

ಒಂದೊಂದನ್ನೂ 3 ಸೆಟ್ ಮಾಡಿ (ಮೊದಲ 4 ವಾರ 2 ಸೆಟ್ ಸಾಕು). ಒಂದು ಸೆಟ್‌ಗೆ 6ರಿಂದ 12 ರೆಪ್, ಅಂದರೆ ಅಷ್ಟು ಸಲ ಎತ್ತಿ ಇಳಿಸುವುದು. ಪ್ಲ್ಯಾಂಕ್ ಆದರೆ 20ರಿಂದ 40 ಸೆಕೆಂಡ್. ದೊಡ್ಡ ಚಲನೆಗಳಲ್ಲಿ ಸೆಟ್‌ಗಳ ನಡುವೆ 2ರಿಂದ 3 ನಿಮಿಷ ವಿಶ್ರಾಂತಿ ತೆಗೆದುಕೊಳ್ಳಿ. ‘ಕೊಬ್ಬು ಕರಗಬೇಕು, ಹಾಗಾಗಿ ವಿಶ್ರಾಂತಿ ಬೇಡ, ಹಗುರ ಭಾರದಲ್ಲಿ ಬೇಗ ಬೇಗ ಮಾಡಿ’ ಅಂತ ಹೇಳುವವರು ಬಹಳ ಮಂದಿ. ಆ ಮಾತು ಕೇಳಬೇಡಿ. ಹಾಗೆ ಮಾಡಿದರೆ ವೇಟ್ ಟ್ರೈನಿಂಗ್ ಅನ್ನುವುದು ಇನ್ನೊಂದು ಕಾರ್ಡಿಯೋ ಆಗುತ್ತದೆ. ಸ್ನಾಯು ಉಳಿಸುವ ಕೆಲಸ ನಡೆಯುವುದೇ ಇಲ್ಲ.

ಎಷ್ಟು ಭಾರ ಹಾಕಬೇಕು? ಸೆಟ್ ಮುಗಿದಾಗ ‘ಇನ್ನೂ ಎರಡು ಸಲ ಸರಿಯಾಗಿ ಎತ್ತಬಹುದಿತ್ತು’ ಅನ್ನಿಸಬೇಕು. ಇನ್ನೂ ಎಂಟು ಸಲ ಆಗುತ್ತಿತ್ತು ಅನ್ನಿಸಿದರೆ ಭಾರ ಸಾಲದು. ಕೊನೆಯ ರೆಪ್‌ನಲ್ಲಿ ಬೆನ್ನು ಬಾಗಿ ಮೈ ತಿರುಚಿಕೊಂಡರೆ ಭಾರ ಜಾಸ್ತಿ. ಎತ್ತುವಾಗ ಉಸಿರು ಬಿಡಿ, ಇಳಿಸುವಾಗ ಎಳೆದುಕೊಳ್ಳಿ. ಬಿಪಿ ಇರುವವರು ಉಸಿರು ಬಿಗಿಹಿಡಿದು ಎತ್ತಲೇಬಾರದು.

ಭಾರ ಎತ್ತುವ ಮುನ್ನ 5ರಿಂದ 10 ನಿಮಿಷ ಮೈ ಬಿಸಿ ಮಾಡಿಕೊಳ್ಳಿ. ಆಮೇಲೆ ಅದೇ ಚಲನೆಯನ್ನು ಹಗುರ ಭಾರದಲ್ಲಿ ಒಂದೆರಡು ಸೆಟ್ ಮಾಡಿ.

ಇನ್ನು ಪುಸ್ತಕ. ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ದಿನಾಂಕ, ವ್ಯಾಯಾಮ, ಭಾರ, ರೆಪ್, ಇಷ್ಟು ಬರೆದರೆ ಸಾಕು. ಈ ಮಾರ್ಗದರ್ಶಿಯಲ್ಲಿ ಒಂದೇ ಒಂದು ಮಾತು ಪಾಲಿಸುತ್ತೀರಿ ಅಂತಾದರೆ ಇದನ್ನು ಪಾಲಿಸಿ ಅಂತ ಕೇಳಿಕೊಳ್ಳುತ್ತೇನೆ. ಕಾರು ಓಡಿಸುವವರಿಗೆ ಡ್ಯಾಶ್‌ಬೋರ್ಡ್ ಹೇಗೋ, ಕೊಬ್ಬು ಇಳಿಸುವವರಿಗೆ ಈ ಪುಸ್ತಕ ಹಾಗೆ. ಮುಂದಿನ ತೀರ್ಮಾನಗಳೆಲ್ಲ ಇದರಿಂದಲೇ.

ಹಂತ 3: ಕಾರ್ಡಿಯೋದಲ್ಲಿ ಹಗುರ ಯಾವುದು, ಜೋರು ಯಾವುದು

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆ ಹೀಗಿದೆ: ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಕಾರ್ಡಿಯೋ, ಅಥವಾ 75ರಿಂದ 150 ನಿಮಿಷ ಜೋರು ಕಾರ್ಡಿಯೋ. ಅದರ ಜೊತೆಗೆ ಕನಿಷ್ಠ 2 ದಿನ ಸ್ನಾಯು ಬಲಪಡಿಸುವ ವ್ಯಾಯಾಮ.

ಮಧ್ಯಮ ಅಂದರೆ ಎಷ್ಟು? ಮಾತಾಡಿ ನೋಡಿ. ಪೂರ್ತಿ ವಾಕ್ಯ ಹೇಳಲು ಆಗುತ್ತದೆ, ಆದರೆ ಹಾಡಲು ಆಗುವುದಿಲ್ಲ ಅನ್ನುವಂತಿದ್ದರೆ ಸರಿಯಾದ ವೇಗ. ಎರಡು ಮೂರು ಪದಕ್ಕೇ ಉಸಿರು ಬೇಕಾದರೆ ಅದು ಜೋರು. ಹೃದಯ ಬಡಿತ ಅಳೆಯುವವರು 208ರಿಂದ ವಯಸ್ಸಿನ 0.7 ಪಟ್ಟು ಕಳೆದರೆ ಗರಿಷ್ಠ ಬಡಿತದ ಅಂದಾಜು ಸಿಗುತ್ತದೆ. 50 ವರ್ಷದವರಿಗೆ 208ರಲ್ಲಿ 35 ಕಳೆದರೆ 173. ಅದರ 60ರಿಂದ 70 ಶೇಕಡಾ, ಅಂದರೆ ನಿಮಿಷಕ್ಕೆ ಸುಮಾರು 104ರಿಂದ 121 ಬಡಿತ. ಇದು ಬರೀ ಅಂದಾಜು. ಒಬ್ಬರಿಂದ ಒಬ್ಬರಿಗೆ 10 ಬಡಿತದಷ್ಟು ಆಚೀಚೆ ಆಗುವುದು ಮಾಮೂಲು. ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಿಗೆ ಈ ಲೆಕ್ಕ ಹೊಂದುವುದೇ ಇಲ್ಲ. ಅವರು ಮಾತಿನ ಪರೀಕ್ಷೆಯನ್ನೇ ನಂಬಬೇಕು.

ನಿಮ್ಮ ಕಾರ್ಡಿಯೋದ ಬಹುಪಾಲು ಮಧ್ಯಮ ವೇಗದಲ್ಲೇ ಇರಲಿ. ಕಾರಣ ಸರಳ. ಇದರ ದಣಿವು ಮಾರನೇ ದಿನಕ್ಕೆ ಉಳಿಯುವುದಿಲ್ಲ, ಹಾಗಾಗಿ ಸ್ಕ್ವಾಟ್ ಕೆಡುವುದಿಲ್ಲ. ಚುರುಕು ನಡಿಗೆ, ಏರು ಇಟ್ಟ ಟ್ರೆಡ್‌ಮಿಲ್, ಸೈಕಲ್, ಈಜು ಎಲ್ಲವೂ ನಡೆಯುತ್ತವೆ. ಓಟದಲ್ಲಿ ಪ್ರತಿ ಹೆಜ್ಜೆಯೂ ನೆಲಕ್ಕೆ ಬಡಿಯುವುದರಿಂದ ಕಾಲಿನ ಸ್ನಾಯು ಹೆಚ್ಚು ನೋಯುತ್ತದೆ. ತೂಕ ತುಂಬಾ ಜಾಸ್ತಿ ಇದ್ದವರು, ಮಂಡಿ ನೋವಿನವರು ಸೈಕಲ್ ಅಥವಾ ನಡಿಗೆಯಿಂದ ಶುರು ಮಾಡುವುದೇ ಜಾಣತನ.

ಜೋರು ಕಾರ್ಡಿಯೋ ವಾರಕ್ಕೆ ಒಂದು ಸಲ ಸಾಕು, ಅದೂ ಮೊದಲ ಒಂದು ತಿಂಗಳು ಕಳೆದ ಮೇಲೆ. ನಾರ್ವೆಯ ಟ್ರಾಂಡ್‌ಹೈಮ್‌ನ ಸಂಶೋಧಕರು ಬಳಕೆಗೆ ತಂದ 4 ಸಲ 4 ನಿಮಿಷದ ವಿಧಾನ ಚೆನ್ನಾಗಿದೆ. 10 ನಿಮಿಷ ಮೈ ಬಿಸಿ ಮಾಡಿ. 4 ನಿಮಿಷ ಜೋರಾಗಿ ಹೋಗಿ, 3 ನಿಮಿಷ ನಿಧಾನಕ್ಕೆ ಬನ್ನಿ. ಹೀಗೆ ನಾಲ್ಕು ಸಲ. ಜೋರು ಅಂದರೆ ಗರಿಷ್ಠ ಬಡಿತದ 85ರಿಂದ 95 ಶೇಕಡಾ, ಆದರೆ ನಾಲ್ಕನೇ ಸಲವೂ ಅದೇ ವೇಗ ಉಳಿಯಬೇಕು. ಮೊದಲನೆಯದರಲ್ಲೇ ಸುಸ್ತಾಗಿ ಕುಸಿದರೆ ವೇಗ ಜಾಸ್ತಿಯಾಯಿತು ಅಂತಲೇ ಅರ್ಥ. ಇಂಥ ವ್ಯಾಯಾಮದ ನಂತರವೂ ಗಂಟೆಗಟ್ಟಲೆ ಕೊಬ್ಬು ಸುಡುತ್ತದೆ ಅನ್ನುತ್ತಾರೆ. ಆ ಹೆಚ್ಚುವರಿ ಖರ್ಚು ಬಹಳ ಸಣ್ಣದು. ಇದನ್ನು ಮಾಡಬೇಕಾಗಿರುವುದು ಹೃದಯದ ತಾಕತ್ತಿಗಾಗಿ.

ಹಂತ 4: ವಾರದಲ್ಲಿ ಜೋಡಿಸುವುದು

ಹೆಚ್ಚಿನವರು ಎಡವುವುದು ಇಲ್ಲೇ. ಒಂದು ಮಾದರಿ ಕೊಡುತ್ತೇನೆ (ಮೊದಲ ತಿಂಗಳು ಕಾರ್ಡಿಯೋ 25 ನಿಮಿಷದಿಂದ ಶುರುವಾಗಲಿ):

- ಸೋಮವಾರ: ವೇಟ್, ಇಡೀ ದೇಹ
- ಮಂಗಳವಾರ: 40 ನಿಮಿಷ ಮಧ್ಯಮ ಕಾರ್ಡಿಯೋ
- ಬುಧವಾರ: ವೇಟ್
- ಗುರುವಾರ: 40 ನಿಮಿಷ ಮಧ್ಯಮ ಕಾರ್ಡಿಯೋ
- ಶುಕ್ರವಾರ: ವೇಟ್
- ಶನಿವಾರ: ಒಂದು ಗಂಟೆ ನಿಧಾನದ ಕಾರ್ಡಿಯೋ, ಅಥವಾ ಮೊದಲ ತಿಂಗಳ ನಂತರ 4 ಸಲ 4 ನಿಮಿಷ
- ಭಾನುವಾರ: ವಿಶ್ರಾಂತಿ, ಬೇಕಿದ್ದರೆ ಸುಮ್ನೆ ಒಂದು ಸುತ್ತು ನಡಿಗೆ

ಜೋರು ಕಾರ್ಡಿಯೋ ಶನಿವಾರಕ್ಕೆ ಹೋಗಿದ್ದು ಗಮನಿಸಿದಿರಾ? ಮುಂದಿನ ವೇಟ್ ದಿನಕ್ಕೆ ಮೊದಲು ಕಾಲಿಗೆ ಒಂದು ಪೂರ್ತಿ ದಿನ ಬಿಡುವು ಸಿಗುತ್ತದೆ. ದಿನಗಳ ಹೆಸರು ಬದಲಾಗಲಿ, ಪರವಾಗಿಲ್ಲ. ಆದರೆ ಭಾರದ ಸ್ಕ್ವಾಟ್‌ನ ಹಿಂದಿನ ದಿನ ಜೋರು ಓಟ ಬೀಳದಂತೆ ನೋಡಿಕೊಳ್ಳಿ.

ವಾರಕ್ಕೆ ಆರು ದಿನ ಎಲ್ಲಿಂದ ತರಲಿ ಅಂತ ಕೇಳುವವರಿಗೂ ದಾರಿ ಇದೆ. ಮೂರೇ ದಿನ ಸಿಗುವುದಾದರೆ ಒಂದೇ ಹೊತ್ತಿನಲ್ಲಿ 40 ನಿಮಿಷ ವೇಟ್, ಅದರ ಹಿಂದೆಯೇ 20 ನಿಮಿಷ ಕಾರ್ಡಿಯೋ ಮಾಡಿ. ಉಳಿದ ದಿನಗಳಲ್ಲಿ ಹೆಜ್ಜೆಗಳನ್ನು ಹೆಚ್ಚಿಸಿ. ಫೋನಿನಲ್ಲಿ ಮಾತಾಡುವಾಗ ನಡೆಯುವುದು, ಮೆಟ್ಟಿಲು ಹತ್ತುವುದು, ಊಟದ ನಂತರ 10 ನಿಮಿಷ ಓಡಾಡುವುದು ಎಲ್ಲವೂ ಲೆಕ್ಕಕ್ಕೆ ಬರುತ್ತದೆ.

ಒಂದೇ ಹೊತ್ತಿನಲ್ಲಿ ಮಾಡುವಾಗ ಯಾವುದು ಮೊದಲು? ಕೊಬ್ಬು ಇಳಿಯುವುದರಲ್ಲಿ ಅನುಕ್ರಮದಿಂದ ದೊಡ್ಡ ವ್ಯತ್ಯಾಸ ಇಲ್ಲ. ಬಲದಲ್ಲಿ ಇದೆ. ದಣಿದ ಕಾಲಿನಿಂದ ಸ್ಕ್ವಾಟ್ ಮಾಡಿದರೆ ಭಾರ ಕಡಿಮೆಯಾಗುತ್ತದೆ, ಭಂಗಿ ತಪ್ಪುತ್ತದೆ, ಗಾಯದ ಅಪಾಯವೂ ಹೆಚ್ಚು. ಹಾಗಾಗಿ ವೇಟ್ ಮೊದಲು, ಕಾರ್ಡಿಯೋ ಆಮೇಲೆ. ಮುಂದೆ ಓಟದ ಸ್ಪರ್ಧೆ ಇದೆ ಅನ್ನುವವರು ಮಾತ್ರ ಇದನ್ನು ತಿರುಗಿಸಬಹುದು. ಬೆಳಗ್ಗೆ ಒಂದು, ಸಂಜೆ ಒಂದು ಮಾಡುವ ಅನುಕೂಲ ಇದ್ದರೆ ನಡುವೆ 6 ಗಂಟೆಯಾದರೂ ಅಂತರ ಇರಲಿ.

ಹಂತ 5: ತಟ್ಟೆ ಮತ್ತು ದಿಂಬು

ದಿನಕ್ಕೆ 400ರಿಂದ 500 ಕ್ಯಾಲೊರಿ ಕೊರತೆ ಸಾಕು. ವಾರಕ್ಕೆ ದೇಹದ ತೂಕದ 0.5ರಿಂದ 1 ಶೇಕಡಾ ಇಳಿದರೆ ಒಳ್ಳೆಯ ವೇಗ. 80 ಕಿಲೋ ಇರುವವರಿಗೆ ಅದು 400ರಿಂದ 800 ಗ್ರಾಂ. ಇದಕ್ಕಿಂತ ಬೇಗ ಇಳಿಸಲು ಹೋದರೆ ಸ್ನಾಯುವೂ ಜೊತೆಗೆ ಹೋಗುತ್ತದೆ.

ಪ್ರೋಟೀನ್ ಬಗ್ಗೆ ರಾಜಿ ಬೇಡ. ದೇಹದ ತೂಕದ ಒಂದು ಕಿಲೋಗೆ ದಿನಕ್ಕೆ 1.6 ಗ್ರಾಂ ಆದರೂ ಇರಲಿ. 75 ಕಿಲೋ ಇದ್ದವರಿಗೆ 120 ಗ್ರಾಂ. ತೂಕ ತುಂಬಾ ಜಾಸ್ತಿ ಇರುವವರು ತಲುಪಬೇಕಾದ ತೂಕವನ್ನು ಇಟ್ಟುಕೊಂಡು ಲೆಕ್ಕ ಹಾಕಿ. ಕಿಡ್ನಿ ತೊಂದರೆ ಇದ್ದವರು ವೈದ್ಯರು ಹೇಳಿದಷ್ಟೇ ತೆಗೆದುಕೊಳ್ಳಬೇಕು. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ 2016ರ ಅಧ್ಯಯನವೊಂದರಲ್ಲಿ ಯುವಕರು 4 ವಾರ ಸುಮಾರು 40 ಶೇಕಡಾ ಕಡಿಮೆ ಕ್ಯಾಲೊರಿ ತಿಂದು, ವೇಟ್ ಮತ್ತು ಜೋರು ಕಾರ್ಡಿಯೋ ಎರಡನ್ನೂ ಮಾಡಿದರು. ಕಿಲೋಗೆ 2.4 ಗ್ರಾಂ ಪ್ರೋಟೀನ್ ತಿಂದವರ ಕೊಬ್ಬು 4.8 ಕಿಲೋ ಇಳಿಯಿತು, ಕೊಬ್ಬೇತರ ತೂಕ (ಸ್ನಾಯು, ನೀರು ಮುಂತಾದವು) 1.2 ಕಿಲೋ ಏರಿತು. 1.2 ಗ್ರಾಂ ತಿಂದವರಿಗೆ ಕೊಬ್ಬು ಇಳಿದದ್ದು 3.5 ಕಿಲೋ, ಕೊಬ್ಬೇತರ ತೂಕ ಇದ್ದಲ್ಲೇ ಇತ್ತು. ಅಷ್ಟು ಕಠಿಣ ಪಥ್ಯವನ್ನು ನಾನು ಯಾರಿಗೂ ಹೇಳುವುದಿಲ್ಲ. ಆದರೆ ಪ್ರೋಟೀನ್ ಏನು ಮಾಡಬಲ್ಲದು ಅನ್ನುವುದಕ್ಕೆ ಇದು ಒಳ್ಳೆಯ ಉದಾಹರಣೆ.

ಅನ್ನ, ರೊಟ್ಟಿಯಂಥ ಪಿಷ್ಟವನ್ನು ಪೂರ್ತಿ ಬಿಡಬೇಡಿ. ಭಾರ ಎತ್ತುವಾಗ ಸ್ನಾಯು ಬಳಸುವುದು ಅದರಿಂದ ಬಂದ ಗ್ಲೈಕೋಜನ್ನನ್ನೇ, ಅಂದರೆ ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆಯನ್ನೇ. ವೇಟ್ ಮಾಡುವ ಹೊತ್ತಿನ ಆಸುಪಾಸಿನಲ್ಲಿ ಅದರ ಹೆಚ್ಚಿನ ಪಾಲು ಬರಲಿ.

ನಿದ್ದೆಯನ್ನು ಬಹಳ ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ, ಅಲ್ವಾ? 2010ರಲ್ಲಿ ಷಿಕಾಗೊದಲ್ಲಿ ನಡೆದ ಒಂದು ಸಣ್ಣ ಪ್ರಯೋಗದಲ್ಲಿ ಅದೇ ಜನ, ಅಷ್ಟೇ ಕಡಿಮೆ ಊಟ ಮಾಡಿ, ಒಮ್ಮೆ ರಾತ್ರಿ 8.5 ಗಂಟೆ, ಇನ್ನೊಮ್ಮೆ 5.5 ಗಂಟೆ ಹಾಸಿಗೆಯಲ್ಲಿ ಕಳೆದರು. ಎರಡೂ ಸಲ ತೂಕ ಹೆಚ್ಚು ಕಡಿಮೆ ಅಷ್ಟೇ ಇಳಿಯಿತು. ಆದರೆ ನಿದ್ದೆ ಕಡಿಮೆಯಾದಾಗ ಇಳಿದದ್ದರಲ್ಲಿ ಕೊಬ್ಬಿನ ಪಾಲು, ಪೂರ್ತಿ ನಿದ್ದೆಯ ಸಲ ಇದ್ದುದರ ಅರ್ಧಕ್ಕಿಂತಲೂ ಕೆಳಗೆ ಬಂತು. ಉಳಿದದ್ದು ಕೊಬ್ಬೇತರ ತೂಕ. ಒಂದು ಗಂಟೆ ನಿದ್ದೆ ಬಿಟ್ಟು ಬೆಳಗಿನ ಜಾವ ಓಡುವುದಕ್ಕಿಂತ ಆ ಗಂಟೆ ಮಲಗುವುದು ಎಷ್ಟೋ ಸಲ ಮೇಲು.

ಹಂತ 6: ಹನ್ನೆರಡು ವಾರದ ಏರಿಕೆ

ಮೊದಲ 4 ವಾರ ಭಂಗಿ ಕಲಿಯುವುದಕ್ಕೆ. ಒಂದೊಂದು ಚಲನೆಗೆ 2 ಸೆಟ್ ಸಾಕು. ಕಾರ್ಡಿಯೋ 25 ನಿಮಿಷದಿಂದ ಶುರುವಾಗಲಿ. 5ರಿಂದ 8ನೇ ವಾರದಲ್ಲಿ 3 ಸೆಟ್ ಮಾಡಿ, ಕಾರ್ಡಿಯೋವನ್ನು 40 ನಿಮಿಷಕ್ಕೆ ಏರಿಸಿ, ಒಂದು ಜೋರು ದಿನ ಸೇರಿಸಿ. ಕೊನೆಯ 4 ವಾರ ಭಾರ ಏರಿಸುವುದಕ್ಕೆ. ಎಲ್ಲ ಸೆಟ್‌ನಲ್ಲೂ 12 ರೆಪ್ ಬಂದರೆ, ಮುಂದಿನ ಸಲ ಸಿಗುವ ಅತಿ ಸಣ್ಣ ವೇಟ್ ಪ್ಲೇಟ್ ಸೇರಿಸಿ ಮತ್ತೆ 8 ರೆಪ್‌ನಿಂದ ಶುರು ಮಾಡಿ. ಒಂದೇ ವಾರದಲ್ಲಿ ಭಾರವನ್ನೂ ಕಾರ್ಡಿಯೋವನ್ನೂ ಒಟ್ಟಿಗೆ ಏರಿಸಬೇಡಿ. ಯಾವುದರಿಂದ ದಣಿವಾಯಿತು ಅಂತ ಆಮೇಲೆ ಗೊತ್ತಾಗುವುದಿಲ್ಲ.

ಹಂತ 7: ಪುಸ್ತಕ ಓದುವುದು

ಎರಡು ವಾರಕ್ಕೊಮ್ಮೆ ತೂಕದ ಸರಾಸರಿ, ಹೊಟ್ಟೆಯ ಸುತ್ತಳತೆ, ಎತ್ತಿದ ಭಾರ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಸುತ್ತಳತೆ ಇಳಿಯುತ್ತಿದೆ, ಭಾರ ಹಾಗೇ ಇದೆ ಅಥವಾ ಏರುತ್ತಿದೆ. ಏನನ್ನೂ ಮುಟ್ಟಬೇಡಿ. ತೂಕ ಅಲುಗಾಡದಿದ್ದರೂ ಪರವಾಗಿಲ್ಲ, ಹೊಸಬರಲ್ಲಿ ಕೊಬ್ಬು ಹೋದಷ್ಟೇ ಸ್ನಾಯು ಬಂದಿರಬಹುದು.

ತೂಕ ಬೇಗ ಬೇಗ ಇಳಿಯುತ್ತಿದೆ, ಭಾರವೂ ಇಳಿಯುತ್ತಿದೆ. ಇದು ಎಚ್ಚರಿಕೆ. ಮೊದಲು ನಿದ್ದೆ ಮತ್ತು ಪ್ರೋಟೀನ್ ನೋಡಿ. ಅವು ಸರಿಯಿದ್ದರೆ ಜೋರು ಕಾರ್ಡಿಯೋ ನಿಲ್ಲಿಸಿ. ಆಮೇಲೂ ಸರಿಹೋಗದಿದ್ದರೆ ದಿನಕ್ಕೆ 150ರಿಂದ 200 ಕ್ಯಾಲೊರಿ ಜಾಸ್ತಿ ತಿನ್ನಿ. ವೇಟ್ ದಿನ ಮಾತ್ರ ಕಡಿಮೆ ಮಾಡಬೇಡಿ.

ಕಾಲಿನ ಭಾರ ಮಾತ್ರ ಇಳಿದು, ತಳ್ಳುವ ಎಳೆಯುವ ಭಾರ ಹಾಗೇ ಇದ್ದರೆ ಕಾರ್ಡಿಯೋ ಕಾಲಿಗೆ ಹೆಚ್ಚಾಗಿದೆ. ಓಟದ ಬದಲು ಸೈಕಲ್ ಅಥವಾ ಈಜು ಮಾಡಿ, ಇಲ್ಲವೇ ದಿನ ಬದಲಿಸಿ.

ಭಾರ ಏರುತ್ತಿದೆ, ಆದರೆ ಮೂರು ನಾಲ್ಕು ವಾರವಾದರೂ ತೂಕವೂ ಸುತ್ತಳತೆಯೂ ಅಲ್ಲೇ ಇವೆ. ಕೊರತೆ ಇಲ್ಲ ಅಂತ ಅರ್ಥ. ಕಾರ್ಡಿಯೋ ಹೆಚ್ಚಿಸುವ ಮುನ್ನ ತಟ್ಟೆ ನೋಡಿ. ಕೈಗಡಿಯಾರ ತೋರಿಸುವ ಕ್ಯಾಲೊರಿಯನ್ನು ನಂಬಿ ಅಷ್ಟನ್ನೂ ತಿನ್ನುವುದು ಇಲ್ಲಿ ಸಾಮಾನ್ಯ ಕಾರಣ. ಆ ಅಂಕಿ ಎಷ್ಟೋ ಸಲ ನಿಜಕ್ಕಿಂತ ಜಾಸ್ತಿ ಇರುತ್ತದೆ. ಇನ್ನೊಂದು ಕಾರಣ, ವ್ಯಾಯಾಮ ಮಾಡಿದೆವು ಅಂತ ಉಳಿದ ದಿನ ಪೂರ್ತಿ ಕೂತುಬಿಡುವುದು.

ಒಂದು ದಿನದಲ್ಲಿ ತೂಕ ಒಂದು ಕಿಲೋ ಏರಿದರೆ ಗಾಬರಿ ಬೇಡ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು 3 ಗ್ರಾಂ ನೀರು ಸೇರಿಕೊಳ್ಳುತ್ತದೆ. ಉಪ್ಪು, ಸ್ನಾಯು ನೋವು ಕೂಡ ನೀರು ಹಿಡಿಸುತ್ತವೆ. ಮುಟ್ಟಾಗುವ ಹೆಣ್ಣುಮಕ್ಕಳು ಈ ವಾರವನ್ನು ಹಿಂದಿನ ವಾರದ ಜೊತೆ ಹೋಲಿಸುವ ಬದಲು, ಹಿಂದಿನ ತಿಂಗಳ ಇದೇ ಹಂತದ ಜೊತೆ ಹೋಲಿಸಿದರೆ ಸರಿಯಾದ ಚಿತ್ರ ಸಿಗುತ್ತದೆ.

ಪದೇ ಪದೇ ಬರುವ ಪ್ರಶ್ನೆಗಳು

ಹೊಟ್ಟೆಯ ವ್ಯಾಯಾಮ ಮಾಡಿದರೆ ಹೊಟ್ಟೆಯ ಕೊಬ್ಬು ಹೋಗುತ್ತದೆಯೇ? ಇಲ್ಲ. ಸ್ನಾಯು ಗಟ್ಟಿಯಾಗುತ್ತದೆ. ಕೊಬ್ಬು ಎಲ್ಲಿಂದ ಮೊದಲು ಹೋಗಬೇಕು ಅನ್ನುವುದು ನಮ್ಮ ಕೈಯಲ್ಲಿಲ್ಲ.

ಖಾಲಿ ಹೊಟ್ಟೆಯಲ್ಲಿ ಕಾರ್ಡಿಯೋ? ಇಡೀ ದಿನದ ಊಟ ಅಷ್ಟೇ ಇದ್ದರೆ ಕೊಬ್ಬಿನಲ್ಲಿ ವ್ಯತ್ಯಾಸ ಇಲ್ಲ. ಹಿತ ಅನ್ನಿಸಿದರೆ ಮಾಡಿ.

ಹೆಂಗಸರು ವೇಟ್ ಎತ್ತಿದರೆ ಗಂಡಸರ ಹಾಗೆ ಆಗುತ್ತಾರಾ? ಇಲ್ಲ. ಹೆಂಗಸರಲ್ಲಿ ಸ್ನಾಯು ಬೆಳೆಸುವ ಹಾರ್ಮೋನಾದ ಟೆಸ್ಟೋಸ್ಟೆರಾನ್ ಬಹಳ ಕಡಿಮೆ. ಮೂಳೆ ಸವೆತದ ಅಪಾಯ ಅವರಿಗೇ ಹೆಚ್ಚು, ಆದ್ದರಿಂದ ಭಾರ ಎತ್ತುವ ಅಗತ್ಯವೂ ಅವರಿಗೆ ಹೆಚ್ಚು.

ಗುರಿ ತಲುಪಿದ ಮೇಲೆ

ಬೇಕಾದಷ್ಟು ಕೊಬ್ಬು ಇಳಿದ ಮೇಲೆ ಊಟವನ್ನು ಒಂದೇ ಸಲ ಹಳೆಯ ಮಟ್ಟಕ್ಕೆ ಒಯ್ಯಬೇಡಿ. ವಾರಕ್ಕೊಮ್ಮೆ ದಿನದ ಊಟಕ್ಕೆ 100 ಕ್ಯಾಲೊರಿ ಸೇರಿಸುತ್ತಾ, ತೂಕ ಸ್ಥಿರವಾಗುವಲ್ಲಿ ನಿಲ್ಲಿಸಿ. ವ್ಯಾಯಾಮವನ್ನು ಮಾತ್ರ ಧೈರ್ಯವಾಗಿ ಇಳಿಸಬಹುದು. ಗಳಿಸಿದ್ದನ್ನು ಉಳಿಸಿಕೊಳ್ಳಲು ಗಳಿಸುವಾಗ ಮಾಡಿದಷ್ಟು ಬೇಕಾಗುವುದಿಲ್ಲ. ಅದೇ ಹಿಕ್ಸನ್ 1980ರ ದಶಕದ ಮೊದಲ ಅರ್ಧದಲ್ಲಿ ಇದನ್ನೂ ಪರೀಕ್ಷಿಸಿದ್ದರು. ವಾರಕ್ಕೆ 6 ದಿನದ ಕಾರ್ಡಿಯೋವನ್ನು 2 ದಿನಕ್ಕೆ ಇಳಿಸಿದರೂ, ತೀವ್ರತೆ ಹಾಗೇ ಇದ್ದಾಗ ದಮ್ಮಿನ ತಾಕತ್ತು 15 ವಾರ ಉಳಿಯಿತು. ತೀವ್ರತೆ ಇಳಿಸಿದಾಗ ಅದು ಕುಸಿಯಿತು. ವೇಟ್‌ನಲ್ಲೂ ಹೀಗೇ. ಸೆಟ್ ಕಡಿಮೆ ಮಾಡಿ, ದಿನ ಎರಡಕ್ಕೆ ಇಳಿಸಿ, ಆದರೆ ಎತ್ತುವ ಭಾರ ಇಳಿಸಬೇಡಿ. 60 ದಾಟಿದವರು ಮಾತ್ರ ಸೆಟ್‌ಗಳನ್ನು ತೀರಾ ಕಡಿಮೆ ಮಾಡದೆ, ಎರಡೂ ದಿನ ಪ್ರತಿ ಚಲನೆಗೆ 2ರಿಂದ 3 ಸೆಟ್ ಮುಂದುವರಿಸಬೇಕು.